ಬಿಂಬುಳಿ ರಸವೂ ಲ್ಯಾಬ್ ಮಾಮನೂ

ನನ್ನ ಮೂತ್ರದ ಬಾಟಲಿ ಇನ್ನೊಬ್ಬರದರೊಂದಿಗೆ ಅದಲುಬದಲಾಗಬಹುದಿತ್ತು. ಚೀಟಿಯ ಮೇಲಿನ ಹೆಸರು ಅಳಿಸಿಹೋಗಬಹುದಿತ್ತು. ಡಯಾಲಿಸಿಸ್ ನಡೆಯುವಾಗಲೇ ಕರೆಂಟು ಹೋಗಬಹುದಿತ್ತು. ಕಿಡ್ನಿ ಮತ್ತೆ ಏಳದೆ, ವಾರಕ್ಕೆ ಮೂರು ಸಲ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸು ಹತ್ತುವುದೇ ಉಳಿದ ಬಾಳಾಗಬಹುದಿತ್ತು. ನಾನು ಇದನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರೆ, ಆಸ್ಪತ್ರೆಯ ಲ್ಯಾಬ್ ಮಾಮ ಎಡಗಣ್ಣು ಕಿವುಚಿ, ಬಲಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಕೂತಿರುತ್ತಿದ್ದರು. ಮೂವತ್ತು ವರ್ಷ ಹಾಗೆ ಕೂತು ಎಡಗಣ್ಣಿನ ಸುತ್ತ ಸುಕ್ಕು ಬಿದ್ದಿತ್ತು, ಬಲಗಡೆ ಇನ್ನೂ ಪ್ರಾಯವಿತ್ತು. ಒಂದೇ ಮುಖದಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ದಂತೆ.

"ಮುಗೀತಾ ಅಕ್ಕೋರೇ? ಇನ್ನೂ ಅದೆಯಾ?" ಎನ್ನುತ್ತಿದ್ದರು.

ನಾನು ಶಾಲೆಯ ಅಕ್ಕೋರು. ಮಕ್ಕಳಿಗೆ ಧೈರ್ಯದ ಪಾಠ ಮಾಡುತ್ತೇನೆ. ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಕೂದಲೆಳೆಯಷ್ಟು ಹೆಚ್ಚು ಬಂದದ್ದೇ ತಡ, ಮೊಬೈಲಿಗೆ ಬಂದ ಸಲಹೆ ನಂಬಿ, ಹಿತ್ತಲಿನ ಬಿಂಬುಳಿಕಾಯಿ ರುಬ್ಬಿ ದಿನಾ ಖಾಲಿ ಹೊಟ್ಟೆಗೆ ಒಂದೊಂದು ಲೋಟ ರಸ ಕುಡಿದೆ. ಐದನೆಯ ದಿನ ವಾಂತಿ, ಕಾಲು ಬಾವು. ಮೂತ್ರ ನಿಂತೇ ಹೋಯಿತು ಎನ್ನುವಷ್ಟು ಕಡಿಮೆ. ಕಾರವಾರದ ಆಸ್ಪತ್ರೆಗೆ ಸೇರಿದೆ. ಮಳೆಗಾಲವಾದ್ದರಿಂದ ಡಾಕ್ಟರು ಇಲಿಜ್ವರವಿರಬಹುದೆಂದರು. ಏನೇನು ಔಷಧಿ ತೆಗೆದುಕೊಂಡಿರಿ ಎಂದು ಕೇಳಿದಾಗ ನೆಗಡಿ ಮಾತ್ರೆಯನ್ನೂ ಬಿಡದೆ ಹೇಳಿದೆ. ಬಿಂಬುಳಿ ಹೇಳಲಿಲ್ಲ. ಮೀನುಸಾರಿನ ಹುಳಿಯನ್ನು ಯಾರಾದರೂ ಔಷಧಿ ಎನ್ನುತ್ತಾರೆಯೇ?

ವರದಿ ಬರೆದು ಕಳಿಸಿದ್ದರೆ ಮಾಮನ ಕೆಲಸ ಮುಗಿಯುತ್ತಿತ್ತು. ಅವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ವಾರ್ಡಿಗೇ ಬಂದರು.

"ಅಕ್ಕೋರೇ, ನಿಮ್ಮ ಮೂತ್ರದಲ್ಲಿ ಲಕೋಟೆ ಆಕಾರದ ಹರಳು ರಾಶಿ ಅದೆ. ಹುಳಿ ಎಂತಾ ತಿಂದ್ರಿ?"

"ಬಿಂಬುಳಿ..."

"ಸಾರಿಗೆ ಹಾಕಿದ್ದಾ?"

"ಅಲ್ಲ. ರಸ. ದಿನಾ ಒಂದು ಲೋಟ."

ಮಾಮ ನನ್ನನ್ನು ದಿಟ್ಟಿಸಿದರು. "ಬಂಗಡೆ ಇಲ್ದೇ ಬಿಂಬುಳಿ ತಿಂದವ್ರನ್ನ ನಾ ಇದೇ ಮೊದ್ಲು ನೋಡೂದು!" ಎಂದು ನಕ್ಕರು. ನಗುತ್ತಲೇ ಹೋಗಿ ಡಾಕ್ಟರಿಗೆ ಹೇಳಿದರು. ಬಿಂಬುಳಿಯ ಹುಳಿಯಲ್ಲಿರುವ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟಿದೆ ಎಂದು ಗೊತ್ತಾಗಿ ಚಿಕಿತ್ಸೆಯ ದಾರಿ ಬದಲಾಯಿತು.

ಎರಡನೆಯ ಡಯಾಲಿಸಿಸ್ ಆದ ಮೇಲೂ, ಅದು ನನ್ನ ಬಾಟಲಿಯೇ ಅಲ್ಲವೆಂದು ಜಗಳ ತೆಗೆದೆ. "ಹಾಗಾದ್ರೆ ನೀವೇ ನೋಡಿ" ಎಂದು ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಗಾಜಿನ ಮೇಲೆ ಕೆಸರು ಬಣ್ಣದ ಗಿಡ್ಡ ಕಡ್ಡಿಗಳು. ಕಿಡ್ನಿಯ ಸಣ್ಣ ಕೊಳವೆಗಳ ಒಳಗೋಡೆಯಲ್ಲಿ ಒತ್ತೊತ್ತಾಗಿ ನಿಂತು, ನೀರು ಉಪ್ಪು ಹೀರಿಕೊಳ್ಳುವ ಜೀವಕೋಶಗಳು ಅವು ಎಂದು ಮಾಮ ವಿವರಿಸಿದರು. ಹರಳು ಚುಚ್ಚಿ ಅವುಗಳ ಮೈಮೇಲಿನ ಕುಂಚದಂಥ ಎಳೆಗಳು ಉದುರಿದವು. ಆಮೇಲೆ ಕೋಶಗಳೇ ಕಳಚಿ ಬಿದ್ದು, ಮುದ್ದೆಗಟ್ಟಿ, ಕೊಳವೆಯನ್ನೇ ಕಟ್ಟಿದವು.

"ಇಷ್ಟೆಲ್ಲ ಸತ್ತ ಮೇಲೆ ಉಳಿದದ್ದೇನು ಮಾಮ?"

"ಇಲ್ಲಿ ಕಾಣೂದು ಬಿದ್ದವ್ರು ಮಾತ್ರ. ನಿಂತವ್ರು ಒಳಗೇ ಅವ್ರೆ. ಒಡ್ಡು ಒಡ್ದು ಹೊಳೆಬದಿ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದ್ರೆ ನಮ್ಮೂರು ಕೇಣಿಲಿ ನಾವೆಲ್ಲ ಕೈ ಚಾಚಿ ಸಾಲು ನಿಲ್ಲೂದಿಲ್ವಾ? ಹಾಗೇ ಅವ್ರೂ ಚಪ್ಪಟೆಯಾಗಿ ಹರಡಿ ಬಿದ್ದವ್ರ ಜಾಗ ಮುಚ್ತಾರೆ. ಆಮೇಲೆ ಒಂದು ಎರಡಾಗ್ತದೆ. ಅವ್ರಿಗೆ ಪುರಸೊತ್ತು ಕೊಡಿ."

ಪುರಸೊತ್ತು ಕೊಡುವುದು ನನ್ನಿಂದ ಆಗದ ಕೆಲಸ. ನನ್ನ ಪರವಾಗಿ ಅದನ್ನೂ ಮಾಮನೇ ಮಾಡಿದರು. ಮನೆಗೆ ಬಂದ ಮೇಲೂ ವಾರವಾರ ಹೋಗುತ್ತಿದ್ದೆ. ಗಾಜು ನೋಡುವ ಮೊದಲು ಅವರು ಒಂದು ದಿನವೂ ಸಮಾಧಾನ ಹೇಳಲಿಲ್ಲ, ನೋಡಿದ ಮೇಲೆ ಒಂದು ದಿನವೂ ಮುಚ್ಚಿಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ನನ್ನ ಕಿಡ್ನಿ ನಡೆಯುತ್ತಿದೆ.

ಆಗ, ಮನೆಗೆ ಬಂದ ಐದನೆಯ ವಾರ, ಬಾಟಲಿ ಕೊಟ್ಟು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಮಾಮನ ಫೋನು ಬಂತು. "ಇವತ್ತು ಒಂದೂ ಬಿದ್ದಿಲ್ಲ ಅಕ್ಕೋರೇ. ಸ್ಲೈಡು ಹಾಗೇ ಇಟ್ಟಿದ್ದೇನೆ, ಬಂದು ನೋಡಿ."

ಒಳ್ಳೆಯ ಸುದ್ದಿಗೇ ಹೀಗೆ ಕರೆಯುತ್ತಾರೆಯೇ? ಎದುರಿಗೆ ಕೂರಿಸಿ ಬೇರೇನೋ ಹೇಳುವವರಿದ್ದಾರೆ ಎಂದುಕೊಂಡು, ಮುಕ್ಕಾಲು ಗಂಟೆ ಆ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಹೋದಾಗ ಮಾಮ ಗಾಜನ್ನು ಬೆಳಕಿಗೆ ಹಿಡಿದು ತೋರಿಸಿದರು. "ಒಣಗೇ ಹೋಯ್ತಲ್ರಾ! ಇರ್ಲಿ, ನಾ ನೋಡಿದ್ದೇನೆ."

ನಾನು ಹೆದರಿದ್ದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ: ಬಿದ್ದವರು ಯಾರೂ ಇಲ್ಲದ ಆ ಗಾಜನ್ನು ಅವರ ಪಕ್ಕದಲ್ಲಿ ಕೂತು ನೋಡುವುದು ತಪ್ಪಿಹೋಯಿತು.