ಅಣ್ಣನ ಕಪಾಳಕ್ಕೆ ಹೊಡೆದದ್ದು

ಕಿನ್ನಾಳದ ನಮ್ಮ ಮನೆಯಲ್ಲಿ ಮೂರ್ತಿಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಿಳಿ ಹಚ್ಚಿ, ಬಣ್ಣ ತುಂಬಿದ ಮೇಲೆ ಮನೆಯ ಹಿರಿಯ ಸ್ನಾನ ಮಾಡಿ ಬಂದು ಕಣ್ಣು ಬರೆಯಬೇಕು. ಅಪ್ಪನ ನಂತರ ಆ ಕೆಲಸ ನನ್ನ ಅಣ್ಣನದು. ಎಂಥ ಕೈ ಅವನದು ಅಂತೀರಿ!

ಊರಿಗೆ ಮೊಬೈಲು ಆಗಷ್ಟೇ ಬಂದ ವರ್ಷ, ಕೊಪ್ಪಳದ ರಸ್ತೆಯಲ್ಲಿ ಅಣ್ಣ ಬೈಕಿನಿಂದ ಬಿದ್ದು ಹಣೆ ಒಡೆದುಕೊಂಡ. ಆಸ್ಪತ್ರೆಯಲ್ಲಿ ಹಾಕಿದ್ದ ಹೊಲಿಗೆ ಬಿಚ್ಚಿದರು. ಮಾತು, ನಡಿಗೆ ಮೊದಲಿನಂತೆಯೇ ಇದ್ದವು, ಆರಾಮಾದ ಅಂದುಕೊಂಡೆವು. ಆದರೆ ಪಕ್ಕದವರ ಊಟದ ತಾಟಿಗೆ ಕೈ ಹಾಕುತ್ತಿದ್ದ, ಸತ್ತವರ ಮನೆಯಲ್ಲಿ ನಗುತ್ತಿದ್ದ. ಸೊಕ್ಕು ಬಂದಿದೆ ಎಂದೇ ತಿಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಂದು ದಿನ ಬೇವೂರಿನ ಗೌಡರೊಬ್ಬರು ದೇವಿಯ ಮೂರ್ತಿ ಮಾಡಿಸಲು ನಾಲ್ಕು ಜನರೊಂದಿಗೆ ಬಂದು ಪಡಸಾಲೆಯಲ್ಲಿ ಕೂತಿದ್ದರು. ಅಣ್ಣ ಮೈ ತೊಳೆಯದೆ ಬಂದವನೇ, ಕೆತ್ತಿಟ್ಟಿದ್ದ ಮೂರ್ತಿಯೊಂದರ ಬರಿಯ ಕಟ್ಟಿಗೆಗೆ ಕಣ್ಣು ಬರೆಯತೊಡಗಿದ.

"ಅಣ್ಣಾ, ಮೊದ್ಲ ಅಂಟು ಹಚ್ಚಬೇಕಲ್ಲೋ," ಎಂದೆ.

"ಹೂಂ, ಮೊದ್ಲ ಅಂಟು, ಆಮ್ಯಾಲೆ ಬಿಳಿ, ಕಡೀಕ ಕಣ್ಣು," ಎಂದು ಪಾಠ ಒಪ್ಪಿಸಿದಂತೆ ಹೇಳಿ ಎರಡನೆಯ ಕಣ್ಣನ್ನೂ ಬರೆದ. ಆಮೇಲೆ ಗೌಡರ ಕಡೆ ತಿರುಗಿ, "ನಿಮ್ಮ ಹೊಟ್ಟಿ ನಮ್ಮ ಗಣಪ್ಪಂದಕಿಂತ ದೊಡ್ಡದೈತಲ್ರೀ!" ಎಂದು ನಕ್ಕ.

ನನ್ನ ಮೈಯೆಲ್ಲ ಉರಿಯಿತು. ಎಲ್ಲರ ಮುಂದೆ ಕಪಾಳಕ್ಕೆ ಬಾರಿಸಿದೆ. ನನಗೆ ಕುಂಚ ಹಿಡಿಯಲು ಕಲಿಸಿದವನಿಗೆ! ಅವನು ನನ್ನನ್ನೇ ನೋಡುತ್ತ ಕೂತ.

ಅತ್ತಿಗೆ ಹಟ ಹಿಡಿದದ್ದಕ್ಕೆ ಗಂಗಾವತಿಯ ಡಾಕ್ಟರ ಬಳಿ ಕರೆದೊಯ್ದೆ.

"ಹಣಿ ಹಿಂದಿನ ಮೆದುಳಿಗೆ ಪೆಟ್ಟು ಬಿದ್ದೈತ್ರಿ," ಎಂದರು ಅವರು. "ಕೆಲಸ ಒಂದರ ಹಿಂದ ಒಂದು ಹೊಂದಿಸೋದು, ಬಾಯಿಗೆ ಬಂದದ್ದನ್ನ ತಡಿಯೋದು ಅದರಿಂದನ. ಇವರಿಗೆ ಗೊತ್ತಿರ್ತೈತಿ, ಮಾಡಾಕ ಆಗಂಗಿಲ್ಲ. ಸೊಕ್ಕಲ್ರಿ ಅದು."

"ನೆನಪು ಹ್ಯಾಂಗೈತ್ರಿ?" ಎಂದು ಕೇಳಿದೆ. ನಾನು ಹೊಡೆದದ್ದು ಅವನಿಗೆ ನೆನಪಿರಬಾರದು ಎಂಬುದೇ ನನ್ನ ಆಸೆ.

"ನೆನಪು ಛಲೋ ಐತಿ. ಏನೂ ಮರತಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಪಕ್ಕದ ಮುದುಕಿಗೆ ನನ್ನನ್ನು ತೋರಿಸಿ, ಸಿಟ್ಟೇನೂ ಇಲ್ಲದೆ, "ಇವ ನನ್ನ ತಮ್ಮ. ಮಂದಿ ಮುಂದ ನನಗ ಕಪಾಳಕ್ಕ ಹೊಡದಾನ," ಎಂದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಖರೇನೇನೋ ಯಪ್ಪಾ?" ಎಂದಳು ಮುದುಕಿ.

"ಇಲ್ಲಬೇ ಯಮ್ಮಾ, ಅವಂಗ ತಲಿ ಸರಿ ಇಲ್ಲ. ಏನೇನರ ಮಾತಾಡ್ತಾನ," ಎಂದೆ.

ಹೊಡೆದದ್ದು ಅವನ ಸ್ಥಿತಿ ತಿಳಿಯದೆ. ಈ ಸುಳ್ಳನ್ನು ಡಾಕ್ಟರ ಮಾತು ಕೇಳಿ ಬಂದ ಮೇಲೆ ಹೇಳಿದೆ. ಇವತ್ತಿಗೂ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ಮುದುಕಿಯೋ, "ಅಯ್ಯ ಪಾಪ, ಎಷ್ಟ ತಾಳಿಕೊಂಡೀಯೋ ನನ್ನಪ್ಪಾ," ಎಂದು ನನ್ನ ಬೆನ್ನು ಸವರಿದಳು. ನಾನು ಸುಮ್ಮನೆ ಸವರಿಸಿಕೊಂಡೆ.