ಮೂರು ಮನೆ ಮೇಲೆ

ಬೇಯಿಸಿದ ರೇಷ್ಮೆಗೂಡಿನ ವಾಸನೆ ಯಾರಿಗೂ ಹಿತವಾಗುವುದಿಲ್ಲ. ಹೋದ ತಿಂಗಳು ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಪಕ್ಕ ಕೂತವನ ಅಂಗಿಯಿಂದ ಆ ವಾಸನೆ ಬಂದಾಗ ನಾನು ಮಾತ್ರ ಮುಖ ತಿರುಗಿಸಲಿಲ್ಲ. ತೊಂಬತ್ತರ ದಶಕದಲ್ಲಿ ಅದೇ ವಾಸನೆ ಹೊತ್ತು ಪ್ರತಿ ಭಾನುವಾರ ಟಿ. ನರಸೀಪುರದಿಂದ ನಮ್ಮ ಚರ್ಚಿಗೆ ಒಬ್ಬ ಹಾಡಲು ಬರುತ್ತಿದ್ದ. ರೇಷ್ಮೆ ನೂಲು ತೆಗೆಯುವ ಕೆಲಸ. ವಯಸ್ಸು ಇಪ್ಪತ್ತನಾಲ್ಕೋ ಇಪ್ಪತ್ತೈದೋ...

"ರೇಸ್ಮೆ ಉಳ ಬಂತು, ಕಿಟ್ಕಿ ತಗೀರಮ್ಮ" ಎಂದು ಹಾಡುವ ಹೆಂಗಸರು ರೇಗಿಸುತ್ತಿದ್ದರು.

"ಉಳ ಆಡ್ದಾಗ ಕಣ್ಣೊರ್ಸ್ಕೊಳೋರೂ ನೀವೇಯಾ" ಎನ್ನುತ್ತಿದ್ದ.

ನಾನು ಹಾರ್ಮೋನಿಯಂ ನುಡಿಸುತ್ತಿದ್ದೆ. ಅವನು ಬರುವವರೆಗೆ ಹಾಡುತ್ತಿದ್ದವನೂ ನಾನೇ. ಹದಿನಾರು ಎಂಬ ಊರಿನಲ್ಲಿ ಒಂದು ಮದುವೆಗೆ ಹಾಡಲು ಹೋದಾಗ ಮನೆಯವರು ಅವನ ಕೈಯನ್ನು ಮೊದಲು ಹಿಡಿದು ಒಳಗೆ ಕರೆದುಕೊಂಡರು. ನಾನು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಹಿಂದೆ ನಿಂತಿದ್ದೆ. ಇಷ್ಟು ಸಣ್ಣ ವಿಷಯ ಮನಸ್ಸಿನಲ್ಲಿ ಎಷ್ಟು ದಿನ ಉಳಿಯುತ್ತದೆ ನೋಡಿ.

ಆ ವರ್ಷ ಈಸ್ಟರ್ ಬೆಳಿಗ್ಗೆ ನಾನು ಹಾಡುತ್ತಿದ್ದ ಹಾಡನ್ನು ಪಾದ್ರಿಗಳು ಅವನಿಗೆ ಕೊಟ್ಟರು. ಅಭ್ಯಾಸದಲ್ಲಿ ಅವನ ಕಂಠಕ್ಕೆ ಒಗ್ಗುವ ಶ್ರುತಿಯಲ್ಲೇ ನುಡಿಸಿದೆ. ಹಬ್ಬದ ದಿನ, ಚರ್ಚು ತುಂಬಿದ್ದಾಗ, ಬೇಕೆಂದೇ ಮೂರು ಮನೆ ಮೇಲೆ, ಅಂದರೆ ಹಾರ್ಮೋನಿಯಂನ ಮೂರು ಕೀಲಿಯಷ್ಟು ಏರಿಸಿ, ಶ್ರುತಿ ಹಿಡಿದೆ. ಕೇಳುವವರಿಗೆ ತಿಳಿಯುವುದಿಲ್ಲ. ಹಾಡುವವನ ಗಂಟಲು ಮಾತ್ರ ಎರಡನೇ ಚರಣದಲ್ಲಿ ಒಡೆಯುತ್ತದೆ. ಒಡೆಯಲಿ ಎಂದೇ ನಾನು ಕಾಯುತ್ತಿದ್ದೆ.

ಮೊದಲ ಸಾಲಿಗೇ ಅವನಿಗೆ ಗೊತ್ತಾಯಿತು. ಒಮ್ಮೆ ನನ್ನತ್ತ ನೋಡಿದ. ಎರಡನೇ ಚರಣ ಬರುತ್ತಲೇ ಹೆಂಗಸರ ಸಾಲಿನ ಕಡೆ ತಿರುಗಿ ಕೈಯೆತ್ತಿದ. ಅವರು ಮೇಲಿನ ಸ್ವರ ಎತ್ತಿಕೊಂಡರು, ಅವನು ಕೆಳಗಿನ ಸ್ಥಾಯಿಗೆ ಇಳಿದು ಅವರ ಜೊತೆ ಹಾಡಿದ. ಕೊನೆಯ ಚರಣಕ್ಕೆ ಇಡೀ ಸಭೆ ಎದ್ದು ನಿಂತು ಹಾಡುತ್ತಿತ್ತು.

"ಯಾರದಪ್ಪ ಈ ಯೋಚನೆ?" ಎಂದು ಪಾದ್ರಿಗಳು ಕೇಳಿದರು.

"ಅಣ್ಣಂದೇ ಸಾ" ಎಂದ. ನಾನು ಕೈಮುಗಿದು ಹೊಗಳಿಕೆ ತೆಗೆದುಕೊಂಡೆ.

ಆಮೇಲೆ ಹೊರಗೆ ಟೀಗೆ ಬನ್ನು ಅದ್ದುತ್ತಾ ಮೆಲ್ಲಗೆ ಅಂದ: "ಅಣ್ಣ, ಮುಂದಿನ್ ಸಲಿ ಏರ್ಸದಾದ್ರೆ ಮೊದ್ಲೇ ಒಂದ್ಮಾತು ಅನ್ನಿ. ಏಣಿ ತತ್ತೀನಿ."

"ಕೈ ತಪ್ತು ಕಣ್ಲಾ."

"ಮೂರು ಮನೇನಾ?" ಎಂದು ನಕ್ಕ. ಮತ್ತೆ ಆ ಮಾತು ಎತ್ತಲೇ ಇಲ್ಲ.

ಅಲ್ಲಿಂದ ನಾಲ್ಕು ವರ್ಷ ಜೊತೆಯಲ್ಲಿ ನುಡಿಸಿದೆವು, ಹಾಡಿದೆವು. ನನ್ನ ಬದುಕಿನ ಒಳ್ಳೆಯ ಭಾನುವಾರಗಳೆಲ್ಲ ಅವೇ. ಆಮೇಲೆ ಅವನಿಗೆ ಕಾಮಾಲೆ ಬಂತು. ನಿಜ ಒಪ್ಪಿಕೊಳ್ಳಬೇಕೆಂದು ಆಸ್ಪತ್ರೆಗೆ ಹೋದೆ. ಅವನು ನಿದ್ದೆಯಲ್ಲಿದ್ದ. ನಾಳೆ ಹೇಳೋಣ ಎಂದು ಬಂದೆ... ಆ ನಾಳೆ ಬರಲಿಲ್ಲ.

ಬಸ್ಸಿನಲ್ಲಿ ಆ ವಾಸನೆ ಬಂದ ಮಾರನೆಯ ದಿನ ನರಸೀಪುರಕ್ಕೆ ಹೋಗಿ ಅವನ ತಾಯಿಯ ಮುಂದೆ ಕೂತೆ. ಎಲ್ಲವನ್ನೂ ಹೇಳಿದೆ. ಬಯ್ದರೆ ಬಯ್ಯಲಿ ಎಂದು ತಲೆ ತಗ್ಗಿಸಿದ್ದೆ.

"ಅವ್ನು ಓಗಿ ಇಷ್ಟು ವರ್ಸ ಆಯ್ತು. ಎಲ್ರೂ ಯೇಳದ್ನೇ ಯೇಳ್ತಾರೆ" ಎಂದರು ಆಕೆ. "ಇದು ನಂಗೆ ಗೊತ್ತಿರ್ಲಿಲ್ಲ ಕಣಣ್ಣ. ಇನ್ನೊಂದ್ಸಲಿ ಯೇಳಿ."

ಕ್ಷಮೆ ಕೇಳಲು ಹೋದವನು ಮತ್ತೆ ಮೊದಲಿನಿಂದ ಹೇಳಿದೆ. ನನ್ನ ತಪ್ಪಿನ ಬಳಿ ಆಕೆ ನಿಲ್ಲಲೇ ಇಲ್ಲ. ಅವನು ಯಾವ ಕೈ ಎತ್ತಿದ, ಅಂದು ಯಾವ ಅಂಗಿ ಹಾಕಿದ್ದ ಎಂದು ಕೇಳಿದರು. ಕೈ ಬಲಗೈ ಎಂದು ನೆನಪಿತ್ತು. ಅಂಗಿಯ ಬಣ್ಣ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹಾಗೆಂದೇ ಹೇಳಿದೆ.