ಎಣಗಾಯಿಯಲ್ಲಿ ಏನಿತ್ತು

ಕಲಾವತಿ ಆಂಟಿಯನ್ನು ನಾನು ಮೊದಲು ನೋಡಿದ್ದು 2021ರ ಅಕ್ಟೋಬರ್‌ನ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆಗೆ. ಸ್ಯಾನ್ ಡಿಯಾಗೊದ ಯೂನಿವರ್ಸಿಟಿ ಸಿಟಿಯಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಹೊಗೆಯ ಅಲಾರಂ ಕೂಗುತ್ತಿತ್ತು. ಮೆಟ್ಟಿಲಿಳಿದು ಹೋದೆ. ಬಾಗಿಲು ತೆರೆದೇ ಇತ್ತು. ನಲವತ್ತೈದು ದಾಟಿದ ಹೆಂಗಸೊಬ್ಬರು ಕುರ್ಚಿಯ ಮೇಲೆ ನಿಂತು ಟವೆಲ್ಲಿನಿಂದ ಅಲಾರಮ್ಮಿಗೆ ಗಾಳಿ ಬೀಸುತ್ತಿದ್ದರು. ಹಸಿರು ಚೂಡಿದಾರ್, ಅದರ ಮೇಲೆ ಗಂಡನ ಕಂಪನಿಯ ಹಳೇ ಜಾಕೆಟ್, ಮುಖಕ್ಕೆ ಮಾಸ್ಕ್. ಒಲೆಯ ಮೇಲಿನ ಬಾಣಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಕಪ್ಪಾಗಿತ್ತು.

"ಅಯ್ಯೋ, ಪೂರ್ತಿ ಸೀದೋಗಿದೆ" ಎಂದು ಕೆಮ್ಮುತ್ತಾ ಒಲೆ ಆರಿಸಿದೆ.

ಕನ್ನಡ ಕೇಳಿ ಅವರು ತಿರುಗಿದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಪೊಲೀಸರು ಬರ್ತಾರೇನ್ರಿ?" ಎಂದರು.

"ಬರಲ್ಲ ಆಂಟಿ. ಕಿಟಕಿ ತೆಗೀರಿ."

"ಕಿಟಕಿ ತಗದ್ರ ಘಾಟು ಹೊರಗ ಹೋಗ್ತೈತಿ. ಬಾಜೂಕಿನವರು ಕೆಮ್ಮತಾರ. ಕಂಪ್ಲೇಂಟ್ ಕೊಡ್ತಾರ."

"ಹಾಗಾದ್ರೆ ನಾವಿಬ್ಬರೇ ಕೆಮ್ಮೋಣವಾ?"

ಅವರು ನಗಲಿಲ್ಲ. ಯೋಚನೆ ಮಾಡಿ, ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಸರಿಸಿದರು.

ಅವರು ಗದಗ ಜಿಲ್ಲೆಯ ರೋಣದ ಕಡೆಯವರು. ಗಂಡ ಸೋಮನಾಥ ಅಂಕಲ್ ಟೆಲಿಕಾಂ ಎಂಜಿನಿಯರ್. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಕಾಯುತ್ತಿದ್ದರು. ಎಲ್ಲೋ ಒಂದು ಆಫೀಸಿನಲ್ಲಿ ತಮ್ಮ ಹೆಸರಿನ ಫೈಲ್ ಇದೆ, ತಾವು ಮಾಡುವ ಪ್ರತಿ ತಪ್ಪೂ ಅದರಲ್ಲಿ ಬರೆಯಲ್ಪಡುತ್ತದೆ ಎಂದು ಆಂಟಿ ನಂಬಿದ್ದರು. ಖಾಲಿ ರಸ್ತೆಯಲ್ಲೂ ಸಿಗ್ನಲ್ ಬೀಳದೆ ದಾಟುತ್ತಿರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿರಲಿಲ್ಲ. "ಫೈಲ್‌ನ್ಯಾಗ ಏನರ ಬರದಗಿರದಾರು" ಎನ್ನುತ್ತಿದ್ದರು. ಕಾಗದಪತ್ರವೆಂದರೆ ಎದೆ ಹೊಡೆದುಕೊಳ್ಳುವುದು ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವನು ನಾನೊಬ್ಬನೇ. ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಅಪ್ಪನ ದನಿ ಸಣ್ಣದಾಗುವುದನ್ನು ನೋಡಿ ಬೆಳೆದವನು. ಹಾಗಾಗಿ ಅವರನ್ನು ತಮಾಷೆ ಮಾಡಲು ನನಗೆ ಮನಸ್ಸಾಗುತ್ತಿರಲಿಲ್ಲ.

ಅವರನ್ನು ಈ ಕಥೆಯೊಳಗೆ ಎಳೆದು ತಂದವನೂ ನಾನೇ. ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ರಾಜೀವ್ ಅಮ್ಮನ್ನ ಎಂಬ ಹಿರಿಯರಿದ್ದರು, ಮಂಗಳೂರು ಕಡೆಯ ಪ್ರೊಟೆಸ್ಟೆಂಟ್ ಕ್ರೈಸ್ತರು. ಕ್ರೈಸ್ತ ಕಾಲೇಜು ಹುಡುಗರ ಒಂದು ಫ್ರೆಟರ್ನಿಟಿಗೆ ಅವರು ಸಲಹೆಗಾರರು. ಫ್ರೆಟರ್ನಿಟಿ ಎಂದರೆ ಹುಡುಗರು ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಪ್ರಾರ್ಥನೆ ಮಾಡಿ, ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುವ ಸಂಘ. ಅವರಿಗಾಗಿ ರಾಜೀವ್ ಸರ್ ಚರ್ಚಿನ ಸಭಾಂಗಣಗಳಲ್ಲಿ ವರ್ಷಕ್ಕೆರಡು ಕಾರ್ಯಾಗಾರ ನಡೆಸುತ್ತಿದ್ದರು. ಸಭೆ ನಡೆಸುವುದು, ಜಗಳ ಬಿಡಿಸುವುದು, ಬಾಡಿಗೆ ಕರಾರು ಓದುವುದು, ಟೈರ್ ಬದಲಿಸುವುದು, ಎರಡು ಹೊತ್ತಿನ ಅಡುಗೆ. ರೆಸ್ಯೂಮೆ ಬರೆಯುವುದನ್ನು ಹೇಳಿಕೊಡಲು ನಾನು ಹೋಗುತ್ತಿದ್ದೆ. ಅಡುಗೆಗೆ ಯಾರಾದರೂ ಬೇಕು ಎಂದಾಗ ಆಂಟಿಯ ಹೆಸರು ಹೇಳಿದೆ.

"ನಾ ಲಿಂಗಾಯತರಾಕಿ. ಚರ್ಚ್‌ನ್ಯಾಗ ಒಲಿ ಹಚ್ಚಾಕ ಬಿಡ್ತಾರೇನು?" ಎಂದು ಆಂಟಿ ಕೇಳಿದರು. ರಾಜೀವ್ ಸರ್ ನಕ್ಕು, "ಹಸಿದ ಹುಡುಗರು ಜಾತಿ ಕೇಳೂದಿಲ್ಲ ಕಲಾವತಿಯವರೇ, ಪಾತ್ರೆ ಮಾತ್ರ ನೀವೇ ತೊಳೀಬೇಡಿ" ಎಂದರು.

2022ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೊದಲ್ಲಿ ಮೊದಲ ಪಾಠ. ಒಬ್ಬ ಹುಡುಗ ಈರುಳ್ಳಿಯನ್ನು ಸಿಪ್ಪೆ ಸಮೇತ ಹೆಚ್ಚಿಟ್ಟಿದ್ದ. "ನಿಮ್ಮವ್ವ ನಿನಗ ಏನೂ ಕಲಿಸಿಲ್ಲೇನೋ ಖೋಡಿ" ಎಂದು ಆಂಟಿ ಕನ್ನಡದಲ್ಲೇ ಬೈದರು. ಅವನು "ಯೆಸ್ ಆಂಟಿ" ಎಂದ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಎರಡನೆಯದು ಸೆಪ್ಟೆಂಬರ್‌ನಲ್ಲಿ, ಲಾಸ್ ಏಂಜಲಿಸ್ ಕಡೆ, ರೆಡೊಂಡೊ ಬೀಚಿನ ಒಂದು ಚರ್ಚಿನ ಸಭಾಂಗಣದಲ್ಲಿ. ಎರಡೂ ಊರಿನ ಹುಡುಗರು ಸೇರಿ ನಲವತ್ತು ಜನ. ಫ್ರೀವೇ ಮೇಲೆ ಎರಡು ಗಂಟೆ ರಾಜೀವ್ ಸರ್ ಕಾರು ಓಡಿಸಿದರು. ಆಂಟಿ ಅಷ್ಟೂ ಹೊತ್ತು ಒಂದು ಕೈಯಲ್ಲಿ ಬಾಗಿಲ ಹಿಡಿಕೆ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ ಹಿಡಿದು ಕೂತಿದ್ದರು. ಡಬ್ಬಿಯಲ್ಲಿ ಎಣಗಾಯಿ ಬದನೆಕಾಯಿಗೆ ತುಂಬುವ ಮಸಾಲೆ ಇತ್ತು. ಮನೆಯಲ್ಲೇ ಹುರಿದು ಕುಟ್ಟಿದ್ದು. ಕೆಂಪು ಪುಡಿ, ಅದರಲ್ಲಿ ಏನೇನಿದೆ ಎಂದು ಕಣ್ಣಿಗೆ ಗೊತ್ತಾಗುವಂತಿರಲಿಲ್ಲ.

ಬೆಳಿಗ್ಗೆ ನೇಥನ್ ಮಾತಾಡಿದ. ಸ್ಯಾನ್ ಡಿಯಾಗೊ ಶಾಖೆಯ ಅಧ್ಯಕ್ಷ, ಇಪ್ಪತ್ತೊಂದರ ಹುಡುಗ, ಬಿಳಿ ಬೋರ್ಡಿನ ಮೇಲೆ ನಾಯಕನ ಕರ್ತವ್ಯಗಳನ್ನು ಅಂದವಾಗಿ ಬರೆದು ವಿವರಿಸಿದ. ಹನ್ನೊಂದಕ್ಕೆ ಅಡುಗೆಮನೆಗೆ ಬಂದು ಆಂಟಿಯನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ: "ಆಂಟಿ, ಇದರಲ್ಲಿ ನಟ್ಸ್ ಏನಾದರೂ ಇದೆಯಾ? ಹೊಸಬನೊಬ್ಬನಿಗೆ ಅಲರ್ಜಿ. ಅವನಿಗೆ ಎಲ್ಲರೆದುರು ಹೇಳಲು ನಾಚಿಕೆ."

ಆಂಟಿ ನನ್ನ ಕಡೆ ತಿರುಗಿದರು. "ನಟ್ಸ್ ಅಂದ್ರ ಗೋಡಂಬಿ, ಬದಾಮಿ ಅಲ್ಲೇನು ತಮ್ಮಾ?"

"ಹೂಂ ಆಂಟಿ" ಎಂದೆ.

"ನೋ ನಟ್ಸ್" ಎಂದು ಅವರು ನೇಥನ್‌ಗೆ ಹೇಳಿದರು. ಸುಳ್ಳು ಹೇಳಿದ್ದಲ್ಲ. ಅವರ ಅಡುಗೆಮನೆಯಲ್ಲಿ ಶೇಂಗಾ ಎಂದರೆ ಕಾಳು. ಕಡಲೆ, ಹೆಸರು, ಅಲಸಂದೆಯ ಸಾಲಿನಲ್ಲಿ ಡಬ್ಬಿಯಲ್ಲಿ ಇರುವಂಥದ್ದು. ನಮ್ಮಲ್ಲೂ ಅದು ಕಡ್ಲೆಕಾಯಿ ಬೀಜ. ನಾನು ಅದನ್ನು ಹೊಲದಲ್ಲಿ ಕಿತ್ತವನು, ಸಂಜೆ ಬೇಯಿಸಿ ತಿಂದವನು. ನಟ್ಸ್ ಎಂಬ ಮಾತಿಗೆ ಅದು ನನ್ನ ತಲೆಗೆ ಬರಲೇ ಇಲ್ಲ.

ಊಟಕ್ಕೆ ಕೂತು ಹತ್ತು ನಿಮಿಷವಾಗಿರಬಹುದು. ಕಿಟಕಿಯ ಬಳಿ ಕೂತಿದ್ದ ಕೇಲೆಬ್ ಎಂಬ ಹುಡುಗ ಕುತ್ತಿಗೆ ಕೆರೆದುಕೊಳ್ಳತೊಡಗಿದ. ಆಮೇಲೆ ಕೆಮ್ಮಿದ. ನೀರು ಕುಡಿಯಲು ಹೋಗಿ ಲೋಟ ಇಟ್ಟುಬಿಟ್ಟ. ತುಟಿ ದಪ್ಪವಾಗಿತ್ತು. ಎದ್ದು ನಿಂತ, ಎರಡೂ ಕೈ ಗಂಟಲಿಗೆ ಹೋದವು, ದನಿ ಹೊರಡಲಿಲ್ಲ.

ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಯಾರೋ ಕೂಗಿದರು. ಇಬ್ಬರು ಅವನನ್ನು ಬಗ್ಗಿಸಿ ಬೆನ್ನಿಗೆ ಗುದ್ದತೊಡಗಿದರು. ಇನ್ನೊಬ್ಬ ಹೊಟ್ಟೆ ಅಮುಕಲು ಹಿಂದಿನಿಂದ ತಬ್ಬಿಕೊಂಡ. ನೇಥನ್ ಅಲ್ಲೇ ನಿಂತಿದ್ದ. "ಅವನಿಗೆ ಪೀನಟ್ ಅಲರ್ಜಿ ಇದೆ, ಆದರೆ ಇದರಲ್ಲಿ ನಟ್ಸ್ ಇಲ್ಲ, ನಾನು ಕೇಳಿದ್ದೇನೆ, ನಾನು ಕೇಳಿದ್ದೇನೆ" ಎಂದು ಅದನ್ನೇ ಹೇಳುತ್ತಿದ್ದ. ಅವನ ಮಾತು ನಂಬಿ ಎಲ್ಲರೂ ಬೆನ್ನು ಗುದ್ದುತ್ತಲೇ ಇದ್ದರು.

ಪೀನಟ್ ಎಂಬ ಮಾತು ಕೇಳಿ ಆಂಟಿಯ ಕೈಲಿದ್ದ ಸೌಟು ನಿಂತಿತು. ಅವರು ನನ್ನನ್ನು ನೋಡಿದರು. ಪೀನಟ್ ಬಟರ್ ಡಬ್ಬಿಯ ಮೇಲಿನ ಚಿತ್ರ ಶೇಂಗಾದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಸುಮ್ಮನಿದ್ದರೆ ಆ ಕ್ಷಣಕ್ಕೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಹುಡುಗನ ತುಟಿ ನೀಲಿಗೆ ತಿರುಗುತ್ತಿತ್ತು.

"ಪೀನಟ್ ಐತಿ" ಎಂದರು ಮೊದಲು, ಕನ್ನಡದಲ್ಲಿ. ಯಾರೂ ತಿರುಗಲಿಲ್ಲ. ಸೌಟನ್ನು ಸಿಂಕಿಗೆ ಎಸೆದು, ಹುಡುಗರನ್ನು ಮೊಣಕೈಯಿಂದ ತಳ್ಳಿ ನಡುವೆ ಹೋಗಿ ಇಂಗ್ಲಿಷಿನಲ್ಲಿ ಕೂಗಿದರು: "ಪೀನಟ್ ಇದೆ. ನಾನೇ ಹಾಕಿದ್ದು. ತುಂಬಾ ಹಾಕಿದ್ದೇನೆ."

ಗುದ್ದುವುದು ನಿಂತಿತು. ಕೇಲೆಬ್ ಬಾಗಿಲ ಕಡೆ ಕೈ ತೋರಿಸಿದ. ಅಲರ್ಜಿಯಾದರೆ ತಕ್ಷಣ ಚುಚ್ಚಿಕೊಳ್ಳುವ ಔಷಧಿಯ ಪೆನ್ ಅವನ ಚೀಲದಲ್ಲಿತ್ತು, ಚೀಲ ಹೊರಗೆ ಕಾರಿನಲ್ಲಿತ್ತು. ರಾಜೀವ್ ಸರ್ ಓಡಿದರು. ನಾನು 911ಕ್ಕೆ ಫೋನ್ ಮಾಡಿದೆ, ವಿಳಾಸ ಹೇಳುವಾಗ ಎರಡು ಸಲ ತಪ್ಪಿದೆ. ಪೆನ್ ಬರುವವರೆಗೆ ಆಂಟಿ ನೆಲದ ಮೇಲೆ ಕೂತು ಹುಡುಗನ ಬೆನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡಿದ್ದರು. ಅವನ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ಎರಡು ಉಸಿರಿನ ನಡುವೆ ಅದು ನಿಂತಾಗಲೆಲ್ಲ ಅವರ ಉಸಿರೂ ನಿಲ್ಲುತ್ತಿತ್ತು. ರಾಜೀವ್ ಸರ್ ಪ್ಯಾಂಟಿನ ಮೇಲಿಂದಲೇ ಅವನ ತೊಡೆಗೆ ಪೆನ್ ಒತ್ತಿದರು. ಆಂಬುಲೆನ್ಸ್ ಬಂದಾಗ ಅವನು ಕಣ್ಣು ಬಿಟ್ಟಿದ್ದ.

ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಹುಡುಗ ಕ್ಷೇಮ, ಒಂದು ದಿನ ಇಟ್ಟುಕೊಳ್ಳುತ್ತೇವೆ ಎಂದರು. ವಾಪಸು ಬರುವಾಗ ಆಂಟಿ ಬಾಗಿಲ ಹಿಡಿಕೆ ಹಿಡಿಯಲಿಲ್ಲ. "ಅಂವಾ ಉಸಿರಾಡಾಕತ್ತಾನಲ್ಲ?" ಎಂದು ಐದಾರು ಸಲ ಕೇಳಿದರು. ಪ್ರತಿ ಸಲವೂ ರಾಜೀವ್ ಸರ್ "ಹೌದು ಮಾರಾಯ್ರೇ" ಎಂದರು.

ಆಮೇಲಿನ ದಿನಗಳು ಕೆಟ್ಟವು. ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಂತರೆ ಆಂಟಿ ಪರದೆ ಸರಿಸಿ ನೋಡುತ್ತಿದ್ದರು. ಅಂಚೆ ಪೆಟ್ಟಿಗೆ ತೆಗೆಯಲು ನನ್ನನ್ನು ಕಳಿಸುತ್ತಿದ್ದರು. ಮನೆಯಲ್ಲಿದ್ದ ಶೇಂಗಾವನ್ನೆಲ್ಲ ಕಸಕ್ಕೆ ಹಾಕಿದ್ದರು. ಅಕ್ಟೋಬರ್‌ನಲ್ಲಿ ರಾಜೀವ್ ಸರ್ ಫ್ರೆಟರ್ನಿಟಿಯ ಕಚೇರಿಗೆ ಘಟನೆಯ ವರದಿ ಬರೆಯಬೇಕಾಯಿತು. ಅದಕ್ಕಾಗಿ ಮನೆಗೇ ಬಂದರು. ನಾನೂ ಇದ್ದೆ.

"ಸ್ವಯಂಸೇವಕರು ಅಂತ ಬರೀರಿ ಸರ್, ಹೆಸರು ಬ್ಯಾಡ" ಎಂದರು ಸೋಮನಾಥ ಅಂಕಲ್. "ನಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಮುಂದಿನ ವರ್ಷ ಐತಿ."

"ಹೆಸರಿಲ್ಲದೆಯೂ ಬರೀಬಹುದು" ಎಂದರು ರಾಜೀವ್ ಸರ್.

ಆಂಟಿ ಸೆರಗಿಲ್ಲದ ಹೆಗಲ ಮೇಲೆ ಓಢಣಿಯನ್ನು ಸರಿಮಾಡಿಕೊಳ್ಳುತ್ತಲೇ ಇದ್ದರು. ಕೊನೆಗೆ, "ಹೆಸರು ಬರೀರಿ. ನಾಳೆ ಆ ಡಾಕ್ಟರ್ ಏನ್ ಹಾಕಿದ್ರು ಅಂತ ಕೇಳಿದ್ರ ಯಾರನ್ನ ಕೇಳಬೇಕು? ಈ ತಮ್ಮನ್ನ ಕೇಳಿದ್ರ ಮತ್ತ ಹೂಂ ಅಂತಾನ" ಎಂದರು.

ಅದು ನನಗೆ ಸರಿಯಾಗಿಯೇ ತಾಗಿತು. ವರದಿಯಲ್ಲಿ ನನ್ನ ಹೆಸರನ್ನೂ ಸೇರಿಸಲು ಹೇಳಿದೆ.

ಹುಡುಗನ ತಾಯಿ ಒಮ್ಮೆ ಫೋನ್ ಮಾಡಿದರು. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಮಸಾಲೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಹೇಳಿಸಿ ಬರೆದುಕೊಂಡರು. ಗುರೆಳ್ಳಿಗೆ, ನಮ್ಮ ಕಡೆಯ ಹುಚ್ಚೆಳ್ಳಿಗೆ, ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಂಟಿ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ಅವರಿಗೆ ಕಳಿಸಿದರು.

2023ರ ಮೇ ತಿಂಗಳಲ್ಲಿ ಇಂಟರ್‌ವ್ಯೂ ಆಯಿತು. ಒಳಗೆ ನಡೆದದ್ದನ್ನು ಅಂಕಲ್ ತಲೆ ಚಚ್ಚಿಕೊಳ್ಳುತ್ತಾ ಹೇಳಿದರು. "ಬ್ಯಾರೆ ಏನರ ಹೇಳೂದೈತೇನು ಅಂತ ಆಫೀಸರ್ ಸುಮ್ಮನ ಕೇಳಿದ. ಇಕಿ ಎಣಗಾಯಿ ಪುರಾಣ ಶುರು ಮಾಡಿದ್ಲು. ನನಗ ನೆಲ ಬಾಯಿ ಬಿಟ್ಟಂಗಾತು." ಆಫೀಸರ್ ಪೂರ್ತಿ ಕೇಳಿ, ಹುಡುಗ ಈಗ ಹೇಗಿದ್ದಾನೆ ಎಂದನಂತೆ. ಏನನ್ನೂ ಬರೆದುಕೊಳ್ಳಲಿಲ್ಲವಂತೆ. ಕಾರ್ಡು ಜುಲೈನಲ್ಲಿ ಬಂತು. ಅದನ್ನು ಕೈಯಲ್ಲಿ ಹಿಡಿದ ಮೇಲೂ ಆಂಟಿಯ ಹೆದರಿಕೆ ಹೋಗಲಿಲ್ಲ. ಹೆದರಿಕೆ ಬೇರೆ ಕಡೆಗೆ ತಿರುಗಿತು. ಯಾರ ಮನೆಯ ಊಟಕ್ಕೆ ಹೋದರೂ ತಟ್ಟೆ ಮುಟ್ಟುವ ಮೊದಲು ಮಕ್ಕಳನ್ನೆಲ್ಲ ಕರೆದು, ನಿನಗೆ ಯಾವುದು ತಿಂದರೆ ಆಗುವುದಿಲ್ಲ, ನಿನಗೆ ಯಾವುದು ಎಂದು ಕೇಳುತ್ತಾರೆ.

ಆ ಆಗಸ್ಟ್‌ನಲ್ಲಿ ನೇಥನ್ ಬಂದ. ತಾನೂ ಪ್ರಶ್ನೆಯನ್ನು ತಪ್ಪಾಗಿ ಕೇಳಿದೆ, ಪೀನಟ್ ಎಂದೇ ಕೇಳಬೇಕಿತ್ತು ಎಂದ. ಕಾರ್ಯಾಗಾರಕ್ಕೆ ಬನ್ನಿ ಎಂದಾಗ ಆಂಟಿ ಎರಡು ಸಲ ಆಗುವುದಿಲ್ಲ ಎಂದರು. ಮೂರನೆಯ ಸಲ, "ನಾ ಅಡಿಗಿ ಮಾಡಂಗಿಲ್ಲ. ತೋರಸ್ತೀನಿ ಅಷ್ಟ" ಎಂದರು. ಸ್ಯಾನ್ ಡಿಯಾಗೊದಲ್ಲೇ ಇರುವ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ನಡೆದ ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿ, ಎರಡನೇ ಸಲ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತೆಗೆದುಕೊಂಡರು.

ಈಗ ಕಲಾವತಿ ಆಂಟಿ ಸ್ಯಾನ್ ಡಿಯಾಗೊದ ಒಂದು ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುತ್ತಾರೆ, ಬಂದ ಪ್ರತಿ ಡಬ್ಬಿಯ ಲೇಬಲ್ ಓದುವುದು ಅವರ ಪಾಲಿನ ಕೆಲಸ. ವರ್ಷಕ್ಕೆರಡು ಸಲ ಫ್ರೆಟರ್ನಿಟಿಯ ಕಾರ್ಯಾಗಾರದಲ್ಲಿ ನಲವತ್ತು ನಿಮಿಷದ ಪಾಠ ಮಾಡುತ್ತಾರೆ: ಮಸಾಲೆಯ ಪದಾರ್ಥಗಳನ್ನು ಮುಚ್ಚಿದ ಗಾಜಿನ ಶೀಶೆಗಳಲ್ಲಿಟ್ಟು ಒಂದೊಂದರ ಹೆಸರು ಹೇಳಿಸುತ್ತಾರೆ, ಆಮೇಲೆ ಔಷಧಿಯಿಲ್ಲದ ಅಭ್ಯಾಸದ ಪೆನ್ನನ್ನು ತೊಡೆಗೆ ಒತ್ತುವುದನ್ನು ಪ್ರತಿ ಹುಡುಗನಿಂದಲೂ ಮಾಡಿಸುತ್ತಾರೆ.